ನೀಲಿ ಗೆರೆ ಕೆಂಪಿನ ಮೇಲೆ

ಜೂನ್ 9

ಮೇಡಂ ಅವರಿಗೆ ನಮಸ್ಕಾರಗಳು.

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿಮಗೆ ತಿಳಿದಿರುತ್ತದೆ. ಎರಡು ಸೂಟ್‌ಕೇಸ್ ಹಿಡಿದು ನಿಮ್ಮ ಮನೆಯಿಂದ ನಾನು ಹೊರಟು ಈ ತಿಂಗಳಿಗೆ ಎರಡು ವರ್ಷ. ನಿಮ್ಮ ಮಗನಿಗೂ ನನಗೂ ನಡುವೆ ನಡೆದದ್ದನ್ನು ಮತ್ತೆ ತೆರೆಯಲು ಬರೆಯುತ್ತಿಲ್ಲ. ಶಾಲೆಯ ಕೆಲಸಕ್ಕಾಗಿ ಬರೆಯುತ್ತಿದ್ದೇನೆ.

ನಾನು ಈಗ ಕಲಿಸುತ್ತಿರುವ ಶಾಲೆಯಲ್ಲಿ ಮೂವತ್ತಾರು ಗ್ರಾಫ್ ಕ್ಯಾಲ್ಕುಲೇಟರ್‌ಗಳಿವೆ. ನಿಮಗೆ ಪರಿಚಯದವೇ, ನೀವು ಕೆಲಸದಲ್ಲಿದ್ದ ಕಾಲದ ಬೂದು ಪರದೆಯವು. ಐದರ ಪರದೆ ಅರ್ಧ ಕುರುಡಾಗಿದೆ, ಎರಡರಲ್ಲಿ ಏಳರ ಗುಂಡಿ ಒತ್ತಿದರೆ ಏಳುವುದೇ ಇಲ್ಲ. ಹೆಡ್‌ಮಾಸ್ಟರ್ ಈ ವರ್ಷ ಎಲ್ಲವನ್ನೂ ಬದಲಿಸೋಣ ಎನ್ನುತ್ತಾರೆ. ಬಣ್ಣದ ಪರದೆಯವು ತರಬೇಕೋ, ಹೊಸದಾದರೂ ಬೂದು ಪರದೆಯವೇ ಸಾಕೋ ಎಂದು ನನ್ನನ್ನು ಕೇಳಿದ್ದಾರೆ.

ನನಗೆ ಬಣ್ಣದ್ದೇ ಬೇಕು. ಹಳೆಯ ಪರದೆಯಲ್ಲಿ ಮೂರು ಸಮೀಕರಣ ಹಾಕಿದರೆ ಮೂರು ಗೆರೆಗಳು ಒಂದರ ಮೇಲೊಂದು ಬಿದ್ದು, ಬಿಚ್ಚಿದ ಸ್ವೆಟರಿನ ಉಣ್ಣೆಯ ಹಾಗೆ ಕಾಣುತ್ತವೆ. ಯಾವುದು ಯಾವುದೆಂದು ತಿಳಿಸಿ ಹೇಳುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ನನ್ನ ತರಗತಿಯಲ್ಲಿ ಒಬ್ಬಳಿದ್ದಾಳೆ, ಏನು ಹೇಳಿದರೂ "ಯಾಕೆ" ಎನ್ನುತ್ತಾಳೆ. ಮಕ್ಕಳೇ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದಾರೆ. ಮೊನ್ನೆ ಅವಳು ಯಂತ್ರವನ್ನು ನನ್ನ ಮುಂದೆ ಹಿಡಿದು ಇದರಲ್ಲಿ ಯಾರು ಯಾರೆಂದು ಗೊತ್ತಾಗುವುದಿಲ್ಲವಲ್ಲ ಎಂದಳು.

ಆದರೂ ಸಹಿ ಹಾಕುವ ಮೊದಲು ಯಾರಾದರೂ ನನ್ನನ್ನು ಒಮ್ಮೆ ಬೈಯಬೇಕು ಅನ್ನಿಸಿತು. ಗಣಿತವೂ ಗೊತ್ತಿದ್ದು ಬೈಯಲೂ ಗೊತ್ತಿರುವವರು ನನ್ನ ಪರಿಚಯದಲ್ಲಿ ನೀವೊಬ್ಬರೇ.

ಆರೋಗ್ಯ ನೋಡಿಕೊಳ್ಳಿ.

ಇಂತಿ,
ಗಣಿತದ ಟೀಚರ್


ಜೂನ್ 21

ಟೀಚರಮ್ಮನಿಗೆ,

ಆರು ವರ್ಷ ನನ್ನ ಜೊತೆ ಒಂದೇ ಅಡುಗೆಮನೆಯ ಮೇಜಿನ ಮೇಲೆ ಉತ್ತರಪತ್ರಿಕೆ ತಿದ್ದಿದವಳು "ಮೇಡಂ" ಎಂದು ಬರೆದಿದ್ದೀಯ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಕೇಳಿದ್ದೆ. ಮೇಡಂಗೂ ಒಂದು ಕಾಲ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಹೋಗಲಿ. ಬೈಗುಳ ಕೇಳಿದ್ದೀಯ, ಅದಕ್ಕೆ ನಮ್ಮ ಮನೆಯಲ್ಲಿ ಬರವಿಲ್ಲ.

ಬಣ್ಣ ಬೇಡ. ಬೂದು ಪರದೆಯಲ್ಲಿ ಮಗು ಟ್ರೇಸ್ ಗುಂಡಿ ಒತ್ತಬೇಕು, ಗೆರೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯಬೇಕು, ಪರದೆಯ ತಲೆಯಲ್ಲಿ ಮೂಡುವ ಸಮೀಕರಣ ಓದಿ "ಓ, ನೀನಾ" ಎಂದು ಗುರುತು ಹಿಡಿಯಬೇಕು. ನೀನು ತೊಂದರೆ ಎನ್ನುತ್ತೀಯಲ್ಲ, ಆ ತೊಂದರೆಯೇ ಪಾಠ. ಬಣ್ಣ ಕೊಟ್ಟರೆ ಮಗು ಗೆರೆಯನ್ನು ಮಾತಾಡಿಸುವುದೇ ಇಲ್ಲ, ನೋಡಿ ಸುಮ್ಮನಾಗುತ್ತದೆ. ಬಣ್ಣ ಹೆಸರಲ್ಲ ಕಣೇ, ಅಂಗಿ. ನೀಲಿ ಅಂಗಿ ತೊಟ್ಟವನನ್ನು ನೀಲಿ ಎಂದು ಕರೆದು ಅಭ್ಯಾಸವಾದರೆ ನಾಳೆ ಅವನು ಬಟ್ಟೆ ಬದಲಿಸಿದಾಗ ಯಾರನ್ನು ಕರೆಯುತ್ತೀಯ?

ಹಳೆಯದರಲ್ಲೂ ಒಂದು ಗೆರೆಯನ್ನು ದಪ್ಪ ಮಾಡಬಹುದು, ಇನ್ನೊಂದನ್ನು ಚುಕ್ಕಿ ಚುಕ್ಕಿಯಾಗಿ ಮಾಡಬಹುದು. ನಿನ್ನ ಮಕ್ಕಳಿಗೆ ಅದನ್ನು ತೋರಿಸಿದ್ದೀಯಾ? ಇಲ್ಲವೆಂದು ನನಗೆ ಗೊತ್ತು, ನಿನಗೆ ಮೊದಲಿನಿಂದಲೂ ಅವಸರ. ಮತ್ತೊಂದು ಮಾತು. ಹಳೆಯದಕ್ಕೆ ನಾಲ್ಕು ಸೆಲ್ ಹಾಕಿದರೆ ವರ್ಷ ಓಡುತ್ತದೆ. ಹೊಸದನ್ನು ಹಸುಗೂಸಿನ ಹಾಗೆ ಆಗಾಗ ಚಾರ್ಜಿಗೆ ಮಲಗಿಸಬೇಕು. ಮೂವತ್ತಾರು ಕೂಸುಗಳಿಗೆ ನೀನೊಬ್ಬಳೇ ತಾಯಿ.

ನಾನು ಈಗಲೂ ವರ್ಷಕ್ಕೊಮ್ಮೆ ಬೋರ್ಡ್ ಪರೀಕ್ಷೆಯ ಪತ್ರಿಕೆ ತಿದ್ದಲು ಹೋಗುತ್ತೇನೆ. ನಿವೃತ್ತರನ್ನೂ ಕರೆಯುತ್ತಾರೆ, ಕಣ್ಣಿರುವ ತನಕ. ಮಗ ಆರೋಗ್ಯವಾಗಿದ್ದಾನೆ. ಮೇಲಿನ ಕೋಣೆಯ ಕಿಟಕಿಗಳಿಗೆ ಬಣ್ಣ ಹೊಡೆಸಿದ. ಇಷ್ಟೇ ಸುದ್ದಿ.

ಬೈದು ಮುಗಿಯಿತು.

ಅತ್ತೆ
(ಬೇಕಾದರೆ ಮೇಡಂ)


ಆಗಸ್ಟ್ 30

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಆಮೇಲೆ ಬಣ್ಣದ್ದೇ ತರಿಸಿದೆ.

ಮೊದಲ ದಿನ ಹಂಚಿದಾಗ ಇಡೀ ತರಗತಿ ಮಾತು ನಿಲ್ಲಿಸಿತು. ಗಣಿತದ ಪೀರಿಯಡ್ಡಿನಲ್ಲಿ ನನಗೆ ಆ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಗೆರೆಗಳು ತೆಳ್ಳಗೆ, ಸ್ಪಷ್ಟವಾಗಿ ಬರುತ್ತವೆ. ಎರಡು ಗೆರೆಗಳ ನಡುವಿನ ಜಾಗಕ್ಕೆ ತಿಳಿಬಣ್ಣ ತುಂಬಬಹುದು. ಹಿಂದಿನ ವರ್ಷ ಒಂದು ವಾರ ಎಳೆದ ಪಾಠ ಈ ಸಲ ಎರಡು ದಿನಕ್ಕೆ ಮುಗಿಯಿತು. ಅವಸರ ಎನ್ನಬೇಡಿ, ಮಕ್ಕಳಿಗೇ ಅರ್ಥವಾಯಿತು.

ನಿಮಗೆ ಹೇಳಲೇಬೇಕಾದದ್ದು ಬೇರೆ. ಮುಂದಿನ ತಿಂಗಳ ಪಾಠಕ್ಕೆಂದು ನಾನು ನನ್ನ ಯಂತ್ರದಲ್ಲಿ ಒಂದು ವಕ್ರರೇಖೆಯನ್ನೂ, ಅದು ಎಲ್ಲೆಲ್ಲಿ ಎಷ್ಟು ಕಡಿದಾಗಿದೆ ಎಂದು ತೋರಿಸುವ ಇಳಿಜಾರಿನ ಗೆರೆಯನ್ನೂ ಹಾಕಿ ಇಟ್ಟುಕೊಂಡಿದ್ದೆ. ಯಾಕಮ್ಮ ಮೇಜಿನ ಹತ್ತಿರ ಬಂದವಳು ಅದನ್ನು ನೋಡಿದಳು. ಸ್ವಲ್ಪ ಹೊತ್ತು ನಿಂತು, "ಮಿಸ್, ನೀಲಿ ಗುಡ್ಡದ ತುದಿಗೆ ಬಂದಾಗೆಲ್ಲ ಕೆಂಪು ಸೊನ್ನೆ ದಾಟ್ತಾ ಇದೆ. ಯಾಕೆ?" ಎಂದಳು. ನಾನು ಆ ಪಾಠ ಶುರುವೇ ಮಾಡಿರಲಿಲ್ಲ, ಅತ್ತೆ. ಬೂದು ಪರದೆಯಲ್ಲಿ ಅವಳಿಗೆ ಅದು ಕಾಣುತ್ತಿತ್ತೇ? ಈ ಹುಡುಗಿ ತಾಂತ್ರಿಕ ಕಾಲೇಜಿಗೆ ಹೋಗಬೇಕು. ಅಲ್ಲಿ ಹಾಸ್ಟೆಲ್ ಸಮೇತ ಸೀಟು ಸಿಗಲು ಗಣಿತದಲ್ಲಿ ನೂರಕ್ಕೆ ಎಂಬತ್ತು ಬೇಕು. ಹಾಸ್ಟೆಲ್ ಇಲ್ಲದಿದ್ದರೆ ಅವಳ ಮನೆಯವರು ಕಳಿಸುವುದಿಲ್ಲ.

ಅಂಗಡಿಯವರು ಮಾದರಿಗೆಂದು ಒಂದು ಯಂತ್ರ ಹೆಚ್ಚಿಗೆ ಕೊಟ್ಟಿದ್ದರು. ಹೆಡ್‌ಮಾಸ್ಟರ್ ಒಪ್ಪಿಗೆ ಪಡೆದು ನಿಮಗೆ ಪಾರ್ಸೆಲ್ ಮಾಡುತ್ತಿದ್ದೇನೆ. ತೆರೆಯದಿದ್ದರೂ ಬೇಸರವಿಲ್ಲ.

ಕಿಟಕಿಗೆ ಯಾವ ಬಣ್ಣ ಹೊಡೆಸಿದರು ಎಂದು ನೀವು ಬರೆಯಲಿಲ್ಲ. ಬರೆಯಬೇಕಾಗಿಯೂ ಇಲ್ಲ.

ನಿಮ್ಮ,
ಅವಸರದವಳು


ಜನವರಿ 4

ಟೀಚರಮ್ಮನಿಗೆ,

ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ಪಾರ್ಸೆಲನ್ನು ಎರಡು ತಿಂಗಳು ಕಪಾಟಿನ ಮೇಲೆ ಹಾಗೇ ಇಟ್ಟಿದ್ದೆ. ಹಟ. ಆಮೇಲೆ ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ತೆರೆದೆ, ಕಳ್ಳತನದಲ್ಲಿ ಮಿಠಾಯಿ ತಿನ್ನುವವಳ ಹಾಗೆ.

ನನ್ನ ಕಣ್ಣಿಗೆ ಅದು ವರ ಎಂದು ಒಪ್ಪಿಕೊಳ್ಳುತ್ತೇನೆ. ಬೂದು ಪರದೆಯನ್ನು ಈಗ ಕಿಟಕಿಯ ಬಳಿ ಹಿಡಿದು, ಓರೆ ಮಾಡಿ, ಕನ್ನಡಕ ಏರಿಸಿ ನೋಡಬೇಕು. ಇದು ತಾನೇ ಬೆಳಗುತ್ತದೆ. ನಿನ್ನ ಯಾಕಮ್ಮ ಕಂಡದ್ದನ್ನೂ ಹಾಕಿ ನೋಡಿದೆ. ಗುಡ್ಡದ ತುದಿಗೆ ಬಂದಾಗೆಲ್ಲ ಕೆಂಪು ಸೊನ್ನೆ ದಾಟುತ್ತದೆ. ಮೂವತ್ತನಾಲ್ಕು ವರ್ಷ ಅದನ್ನು ಕಲಿಸಿದ್ದೇನೆ, ಹೀಗೆ ಕಣ್ಣಿಗೆ ಹೊಡೆಯುವಂತೆ ನೋಡಿರಲಿಲ್ಲ. ಇಷ್ಟು ಸೋಲು ಸಾಕು.

ಗೆಲುವಿನ ಮಾತೂ ಇದೆ. ಮೊದಲು ಬರೆದ ಸಮೀಕರಣಕ್ಕೆ ಈ ಯಂತ್ರ ಯಾವಾಗಲೂ ನೀಲಿ ಕೊಡುತ್ತದೆ, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ಕಪ್ಪು. ಅವವೇ ಸಮೀಕರಣಗಳನ್ನು ಹಿಂದುಮುಂದಾಗಿ ಬರೆದೆ. ಅಂಗಿ ಅದಲುಬದಲಾಯಿತು. ನಾನು ಹೇಳಿದ್ದು ಅದನ್ನೇ. ಪಾಠ ಮಾಡುವಾಗ ನಾಲಿಗೆಯ ಮೇಲೆ ಹಿಡಿತವಿರಲಿ.

ಚಾರ್ಜರಿನ ಮೂತಿ ಯಾವ ಕಡೆಗೆಂದು ತಿಳಿಯದೆ ಮಗನನ್ನು ಕರೆದೆ. ಎಲ್ಲಿಂದ ಬಂತು ಎಂದು ಕೇಳಿದ. ಹೇಳಿದೆ. ತಂತಿ ಸಿಕ್ಕಿಸಿ, ದೀಪ ಹತ್ತುವ ತನಕ ನಿಂತು, ಮೇಲೆ ಹೋದ.

ಕೋರ್ಟಿನ ಆದೇಶ ಡಿಸೆಂಬರ್ ಹದಿನಾಲ್ಕಕ್ಕೆ ಬಂತು. ನಿನಗೂ ಒಂದು ಪ್ರತಿ ತಲುಪಿರುತ್ತದೆ. ವಿಚ್ಛೇದನದ ನಂತರ ಎರಡು ಕಡೆಯವರಿಗೂ ಪರಸ್ಪರ ಯಾವ ಸಂಬಂಧವೂ ಇರುವುದಿಲ್ಲ ಎಂದಿದೆ. ಒಂದೂ ತಪ್ಪಿಲ್ಲದೆ ಟೈಪ್ ಮಾಡಿದ್ದಾರೆ. ನಾನು ಎರಡು ಸಲ ಓದಿದೆ, ತಪ್ಪು ಸಿಕ್ಕೀತೇನೋ ಎಂದು.

ಅತ್ತೆ


ಮಾರ್ಚ್ 20

ಅತ್ತೆಗೆ,

ಈ ಕಾಗದವನ್ನು ಇವತ್ತು ಬರೆಯುತ್ತೇನೆ, ಇವತ್ತು ಅಂಚೆಗೆ ಹಾಕುವುದಿಲ್ಲ. ನೀವು ಇನ್ನು ನಾಲ್ಕು ದಿನಕ್ಕೆ ಪತ್ರಿಕೆ ತಿದ್ದಲು ಹೋಗುತ್ತೀರಿ. ಅದು ಮುಗಿಯುವ ತನಕ ಇದು ನನ್ನ ಡ್ರಾಯರಿನಲ್ಲಿರುತ್ತದೆ. ಆದರೆ ಈಗ ಬರೆಯದೆ ಇರಲಾರೆ.

ನಿನ್ನೆ ಬೋರ್ಡ್ ಪರೀಕ್ಷೆಯ ಗಣಿತದ ಪತ್ರಿಕೆ. ಯಂತ್ರ ಒಯ್ಯಲು ಅನುಮತಿಯಿದೆ, ಮಕ್ಕಳು ಬಣ್ಣದವನ್ನೇ ಒಯ್ದಿದ್ದರು. ಕೊನೆಯ ಪ್ರಶ್ನೆಗೆ ಹನ್ನೆರಡು ಅಂಕ. ಎಫ್, ಜಿ ಎಂದು ಎರಡು ಸಮೀಕರಣ ಕೊಟ್ಟು, ಅವು ಎಲ್ಲೆಲ್ಲಿ ಒಂದನ್ನೊಂದು ದಾಟುತ್ತವೆ, ಯಾವುದು ಎಲ್ಲಿಂದ ಎಲ್ಲಿಯ ತನಕ ಮೇಲಿರುತ್ತದೆ, ಕಾರಣವೇನು ಎಂದು ಕೇಳಿದ್ದರು. ಸುಲಭ. ಮಕ್ಕಳು ನಗುತ್ತಾ ಹೊರಬಂದರು. ಏನು ಬರೆದೆ ಎಂದು ಯಾಕಮ್ಮನನ್ನು ಕೇಳಿದೆ. "ಎರಡರಿಂದ ಐದರ ತನಕ ನೀಲಿ ಗೆರೆ ಕೆಂಪಿನ ಮೇಲಿರುತ್ತೆ ಅಂತ ಬರೆದೆ ಮಿಸ್" ಎಂದಳು.

ಉತ್ತರಪತ್ರಿಕೆಯಲ್ಲಿ ಎಲ್ಲಿದೆ ಕೆಂಪು? ತಿದ್ದುವವರ ಮುಂದೆ ಅವಳ ಪರದೆ ಇರುವುದಿಲ್ಲ. ನೀಲಿ ಎಂದರೆ ಎಫ್ ಎಂದು ಎಲ್ಲಾದರೂ ಬರೆದೆಯಾ ಎಂದು ಕೇಳಿದೆ. ಬರೆದಿಲ್ಲ. ಒಬ್ಬೊಬ್ಬರನ್ನೇ ಹಿಡಿದು ಕೇಳಿದೆ. ಒಂಬತ್ತು ಮಕ್ಕಳು ಹಾಗೇ ಬರೆದಿದ್ದಾರೆ, ಒಂಬತ್ತೂ ನನ್ನ ಒಳ್ಳೆಯ ಮಕ್ಕಳು. ಉಳಿದವರಿಗೆ ಬಣ್ಣ ನೆನಪಿರಲಿಲ್ಲ, ಎಫ್ ಎಂದೇ ಬರೆದು ಬಚಾವಾದರು. ಗಮನ ಕೊಟ್ಟು ನನ್ನ ಪಾಠ ಕೇಳಿದವರೇ ಹೀಗೆ ಬರೆದದ್ದು. ವರ್ಷವಿಡೀ ತರಗತಿಯಲ್ಲಿ ನೀಲಿ, ಕೆಂಪು ಎಂದವಳು ನಾನು. ಜನವರಿಯಲ್ಲಿ ನೀವು ಎಚ್ಚರಿಸಿದಾಗ ನಕ್ಕೆ. ನಾಲಿಗೆ ಹಾಗೇ ಓಡುತ್ತಿತ್ತು.

ದಾಟುವ ಜಾಗಕ್ಕೆ ನಾಲ್ಕು ಅಂಕ ಬರಬಹುದು. ಉಳಿದ ಎಂಟು ಹೋಗುತ್ತದೆ. ಯಾಕಮ್ಮನ ಬೇರೆ ಉತ್ತರಗಳನ್ನು ಕೂಡಿಸಿ ನೋಡಿದೆ. ಆ ಎಂಟು ಬಂದರೆ ಅವಳು ಎಂಬತ್ತು ದಾಟುತ್ತಾಳೆ, ಬರದಿದ್ದರೆ ಇಲ್ಲ.

ನಿಮ್ಮಿಂದ ಏನೂ ಕೇಳುತ್ತಿಲ್ಲ. ಕೇಳಬಾರದೆಂದೇ ಇದನ್ನು ಡ್ರಾಯರಿಗೆ ಹಾಕುತ್ತಿದ್ದೇನೆ.

ನಿಮ್ಮ,
ಬುದ್ಧಿ ತಡವಾಗಿ ಬಂದವಳು

ಏಪ್ರಿಲ್ 12. ಪತ್ರಿಕೆ ತಿದ್ದುವ ಕೆಲಸ ನಿನ್ನೆ ಮುಗಿಯಿತೆಂದು ತಿಳಿಯಿತು. ಈಗ ಅಂಚೆಗೆ ಹಾಕುತ್ತೇನೆ.


ಏಪ್ರಿಲ್ 11

ಟೀಚರಮ್ಮನಿಗೆ,

ಪತ್ರಿಕೆ ತಿದ್ದುವ ಕೆಲಸ ಇವತ್ತು ಮಧ್ಯಾಹ್ನ ಮುಗಿಯಿತು. ಮುಗಿಯುವ ತನಕ ಅದರ ಬಗ್ಗೆ ಯಾರಿಗೂ ಬರೆಯಬಾರದೆಂಬ ನಿಯಮ. ಮನೆಗೆ ಬಂದು ಚೀಲ ಇಳಿಸಿ, ಕೈ ಕೂಡ ತೊಳೆಯದೆ ಬರೆಯುತ್ತಿದ್ದೇನೆ.

ಮೂರನೆಯ ದಿನ ನನ್ನ ಮೇಜಿಗೆ ಒಂದು ಕಟ್ಟು ಬಂತು. ಹೆಸರು, ಶಾಲೆ ಯಾವುದೂ ಕಾಣದಂತೆ ಅಂಟಿಸಿರುತ್ತಾರೆ, ನಿನಗೆ ಗೊತ್ತು. ಕೊನೆಯ ಪ್ರಶ್ನೆಗೆ ಬಂದೆ. "ನೀಲಿ ಗೆರೆ ಕೆಂಪಿನ ಮೇಲಿರುತ್ತದೆ, ಯಾಕೆಂದರೆ" ಎಂದಿತ್ತು. ಮೊದಲು ನಗು ಬಂತು, ನಾನು ಹೇಳಿರಲಿಲ್ಲವೇ ಎಂದು. ಆಮೇಲೆ ಆ "ಯಾಕೆಂದರೆ"ಯ ಕೆಳಗೆ ಎರಡು ಗೆರೆ ಎಳೆದದ್ದು ಕಂಡಿತು. ಕಾರಣದ ಕೆಳಗೆ ಎರಡು ಗೆರೆ ಎಳೆಸುವ ಟೀಚರ್ ಈ ಲೋಕದಲ್ಲಿ ಒಬ್ಬಳೇ. ಆರು ವರ್ಷ ನನ್ನ ಎದುರು ಕೂತು ನೀನು ತಿದ್ದುತ್ತಿದ್ದ ಪತ್ರಿಕೆಗಳಲ್ಲೆಲ್ಲ ಅದನ್ನು ಕಂಡಿದ್ದೇನೆ. ನಗು ನಿಂತಿತು. ಕಟ್ಟಿನಲ್ಲಿ ಅಂಥವು ಒಂಬತ್ತು ಇದ್ದವು.

ಉತ್ತರಸೂಚಿಯಲ್ಲಿ ಗೆರೆಯ ಹೆಸರಿಲ್ಲದಿದ್ದರೆ ಅಂಕವಿಲ್ಲ ಎಂದಿತ್ತು. ನಾನು ಮುಖ್ಯ ಪರೀಕ್ಷಕರ ಹತ್ತಿರ ಒಂದು ಪತ್ರಿಕೆ ಒಯ್ದು, ಈ ಯಂತ್ರ ಮೊದಲನೆಯದಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು ಕೊಡುತ್ತದೆ, ಮಕ್ಕಳು ಪ್ರಶ್ನೆಯ ಕ್ರಮದಲ್ಲೇ ಬರೆದುಕೊಳ್ಳುತ್ತಾರೆ, ಆದ್ದರಿಂದ ನೀಲಿ ಎಂದರೆ ಎಫ್, ಉತ್ತರ ಸರಿಯಾಗಿದೆ ಎಂದೆ. ಅವರು ಒಳ್ಳೆಯ ಮನುಷ್ಯರು, ತಾಳ್ಮೆಯಿಂದ ಕೇಳಿದರು. ಯಂತ್ರದ ಬಗ್ಗೆ ಗೊತ್ತಿರುವ ಪರೀಕ್ಷಕರು ತಮ್ಮ ವಿವೇಚನೆಯಿಂದ ಅಂಕ ಕೊಡಬಹುದು, ಕೊಡಿ ಎಂದರು. ಆಮೇಲೆ, ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಹೇಳಿದೆ. ಯಂತ್ರ ಕಳಿಸಿದವಳು ಈ ಮಕ್ಕಳ ಟೀಚರೇ ಇರಬೇಕು ಎಂದೂ ಹೇಳಿದೆ.

ಅವರು ಒಂದು ನಮೂನೆ ತೆಗೆದು ಮುಂದಿಟ್ಟರು. ಈ ಮಕ್ಕಳ ಶಿಕ್ಷಕರಿಗೂ ನಿಮಗೂ ಏನು ಸಂಬಂಧ ಎಂದು ಅದರಲ್ಲೊಂದು ಸಾಲು. ಸಂಬಂಧಿಕರಾಗಿದ್ದರೆ ಕಟ್ಟನ್ನು ಬೇರೆಯವರಿಗೆ ಕೊಡಬೇಕು. ನಮ್ಮ ಮನೆಯ ವಿಷಯ ಅವರಿಗೂ ತಿಳಿದಿದೆ. "ಈಗ ಅವರು ನಿಮಗೆ ಏನೂ ಆಗ್ಬೇಕಿಲ್ಲ ಅಲ್ವಾ ಮೇಡಂ? ಇಲ್ಲ ಅಂತ ಬರೀರಿ, ಸಾಕು" ಎಂದರು. ಇಲ್ಲ ಎಂದು ಬರೆದಿದ್ದರೆ ಸುಳ್ಳಾಗುತ್ತಿರಲಿಲ್ಲ. ಕೋರ್ಟೇ ಹೇಳಿದೆ. ಆ ಒಂಬತ್ತು ಮಕ್ಕಳಿಗೂ ನಾನು ಪೂರ್ತಿ ಅಂಕ ಕೊಡುತ್ತಿದ್ದೆ.

ನಾನು "ಸೊಸೆ" ಎಂದು ಬರೆದೆ.

ಅವರು ಅದನ್ನು ಓದಿದರು. ಬೇಕಾದರೆ ಬೇರೆ ನಮೂನೆ ಕೊಡುತ್ತೇನೆ ಎಂದರು. ಬೇಡ ಎಂದೆ. ಕಟ್ಟು ಪಕ್ಕದ ಮೇಜಿನ ಮೇಷ್ಟ್ರಿಗೆ ಹೋಯಿತು. ಅವರು ಬಣ್ಣದ ಯಂತ್ರ ಕಂಡವರಲ್ಲ, ಸೂಚಿಯಲ್ಲಿದ್ದ ಹಾಗೆ ನಡೆಯುವವರು. ನಾನು ಅವರೊಂದಿಗೆ ಮಾತಾಡುವ ಹಾಗಿರಲಿಲ್ಲ, ಇನ್ನೊಬ್ಬರ ವಿವೇಚನೆಗೆ ಮುಖ್ಯ ಪರೀಕ್ಷಕರೂ ಕೈ ಹಾಕುವ ಹಾಗಿರಲಿಲ್ಲ. ನನ್ನ ಕಣ್ಣೆದುರಿಗೇ ಅವರು ಒಂಬತ್ತು ಸಲ ಪೆನ್ನು ನಿಲ್ಲಿಸಿ, ಹಣೆ ಗಂಟಿಕ್ಕಿ, ಒಂಬತ್ತು ಸಲ ಸೊನ್ನೆ ಸುತ್ತಿದರು.

ಬರೆಯುವಾಗ ಯಾಕೆ ಬರೆದೆನೆಂದು ನನಗೆ ತಿಳಿಯಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ತಿಳಿಯಿತು. ಆ ಮಾತನ್ನು ಎಲ್ಲಾದರೂ ಒಂದು ಕಡೆ, ಯಾರಾದರೂ ಓದುವ ಜಾಗದಲ್ಲಿ ಬರೆಯಬೇಕೆಂದು ಸುಮಾರು ಮೂರು ವರ್ಷದಿಂದ ಕಾಯುತ್ತಿದ್ದೆ. ಅದಕ್ಕೆ ಸಿಕ್ಕಿದ್ದು ಆ ಸಾಲು, ಆ ದಿನ. ನಿನ್ನ ಮಕ್ಕಳು ಅದಕ್ಕೆ ಬೆಲೆ ತೆತ್ತರು.

ನನ್ನನ್ನು ಬೈಯುವುದಿದ್ದರೆ ಬೈ. ನನ್ನ ಮನೆಯಲ್ಲೇ ಕಲಿತಿದ್ದೀಯ.

ಅತ್ತೆ


ಮೇ 26

ಅತ್ತೆಗೆ,

ನಿಮ್ಮ ಕಾಗದ ಬಂದು ಆರು ವಾರವಾಯಿತು. ಉತ್ತರ ಬರೆಯಲು ಕೂತಾಗೆಲ್ಲ ಕೋಪ ಬಂದು ಏಳುತ್ತಿದ್ದೆ. ಒಂದು ಸಲ ನಾಲ್ಕು ಪುಟ ಬರೆದು ಹರಿದೆ. ಅದರಲ್ಲಿ ನಿಮ್ಮನ್ನು ಮತ್ತೆ ಮೇಡಂ ಎಂದಿದ್ದೆ.

ಫಲಿತಾಂಶ ಮೊನ್ನೆ ಬಂತು. ಒಂಬತ್ತು ಮಕ್ಕಳಿಗೂ ಎಂಟೆಂಟು ಅಂಕ ಹೋಗಿದೆ. ಎಂಟು ಮಂದಿಗೆ ಅದರಿಂದ ಅಂಥ ನಷ್ಟವಿಲ್ಲ, ಸ್ವಲ್ಪ ಗೊಣಗಿ ಸುಮ್ಮನಾದರು. ಯಾಕಮ್ಮನಿಗೆ ಎಪ್ಪತ್ತನಾಲ್ಕು. ಅವಳನ್ನು ಕೂರಿಸಿಕೊಂಡು ತಪ್ಪು ನನ್ನದು, ನೀನು ನಾನು ಕಲಿಸಿದ ಹಾಗೇ ಬರೆದೆ ಎಂದು ಹೇಳಿದೆ. ಅವಳು ಯಾಕೆ ಎನ್ನಲಿಲ್ಲ. ತಲೆಯಾಡಿಸಿ ಎದ್ದು ಹೋದಳು.

ನೀವು ಇಲ್ಲ ಎಂದು ಬರೆಯಬೇಕಿತ್ತು. ಟೀಚರಾಗಿ ನಾನು ಇದನ್ನು ನೂರು ಸಲ ಹೇಳುತ್ತೇನೆ. ಮಕ್ಕಳ ಉತ್ತರ ಸರಿ ಇತ್ತು, ಅದು ನಿಮಗೆ ಗೊತ್ತಿತ್ತು, ಕೊಡುವ ಅಧಿಕಾರವೂ ಇತ್ತು.

ಆದರೆ ಇದನ್ನೂ ಬರೆಯದಿದ್ದರೆ ಸುಳ್ಳಾಗುತ್ತದೆ. ಆ ಒಂದು ಪದದ ಸಾಲಿಗೆ ಬಂದಾಗ ನಾನು ಕಾಗದ ಮಡಚಿ, ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ದುಃಖಕ್ಕಲ್ಲ. ಡಿಸೆಂಬರಿನಿಂದ ನಾನು ಯಾರಿಗೂ ಏನೂ ಅಲ್ಲ ಎಂದುಕೊಂಡೇ ಬದುಕುತ್ತಿದ್ದೆ. ಒಂಬತ್ತು ಮಕ್ಕಳ ಅಂಕ ಒಂದು ಕೈಯಲ್ಲಿ, ಆ ಪದ ಇನ್ನೊಂದು ಕೈಯಲ್ಲಿ ಹಿಡಿದು ಯಾವುದು ಬೇಕೆಂದು ಆ ಹೊತ್ತಿಗೆ ಯಾರಾದರೂ ಕೇಳಿದ್ದರೆ ನಾನು ಯಾವುದನ್ನು ತೆಗೆದುಕೊಳ್ಳುತ್ತಿದ್ದೆ ಎಂದು ನನಗೆ ಗೊತ್ತು. ಅದಕ್ಕೇ ಆ ಹುಡುಗಿಯ ಮುಖ ನೋಡಲು ಆಗುತ್ತಿಲ್ಲ.

ಜುಲೈ ಕೊನೆಗೆ ಮರುಪರೀಕ್ಷೆ ಇದೆ. ಅಂಕ ಸಾಲದವರು ಮತ್ತೆ ಬರೆಯಬಹುದು, ಕಾಲೇಜು ಆಗಸ್ಟ್ ತನಕ ಕಾಯುತ್ತದೆ. ಯಾಕಮ್ಮ ಬರೆಯುತ್ತಾಳೆ. ನಾನು ಕಲಿಸಿದರೆ ನನ್ನ ನಾಲಿಗೆಗೆ ಮತ್ತೆ ನೀಲಿ ಬರುತ್ತದೆ ಎಂಬ ಭಯ. ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಬರುತ್ತೀರಾ ಎಂದು ಫೋನಿನಲ್ಲಿ ಕೇಳಲು ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಸೊಸೆ


ಜೂನ್ 2

ನನ್ನ ಸೊಸೆಗೆ,

ಶನಿವಾರ ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನ ಎರಡಕ್ಕೆ ಬರುತ್ತೇನೆ. ಮಗ ಬಸ್ ನಿಲ್ದಾಣದ ತನಕ ಚೀಲ ತರುತ್ತಾನಂತೆ. ಎಷ್ಟು ದಿನಕ್ಕೆ ಎಂದು ಕೇಳಿದ, ಜುಲೈ ಕೊನೆಯ ತನಕ ಎಂದೆ. ಒಳ್ಳೆಯದು ಎಂದ. ಅಷ್ಟನ್ನಾದರೂ ಅವನು ಬಾಯಿಬಿಟ್ಟು ಹೇಳಿದ್ದು ನನಗೆ ಸಾಕು.

ಪತ್ರಿಕೆ ತಿದ್ದುವವರು ಮನೆಪಾಠ ಹೇಳುವ ಹಾಗಿಲ್ಲ. ಅದಕ್ಕೆ ಇನ್ನು ಮುಂದೆ ತಿದ್ದಲು ಬರುವುದಿಲ್ಲ ಎಂದು ಬೋರ್ಡಿಗೆ ಬರೆದು ಕಳಿಸಿದೆ. ಬಣ್ಣದ ಯಂತ್ರಗಳನ್ನು ಅಟ್ಟಕ್ಕೆ ಏರಿಸುವ ಯೋಚನೆಯಿದ್ದರೆ ಬಿಡು. ನೋಡುವಾಗ ಬಣ್ಣ ಇರಲಿ, ಬರೆಯುವಾಗ ಹೆಸರು ಇರಲಿ. ಇಷ್ಟು ಕಲಿಸಲು ಎರಡು ತಿಂಗಳು ಬೇಡ, ಉಳಿದ ದಿನ ಲೆಕ್ಕ ಮಾಡಿಸುತ್ತೇನೆ.

ತಪ್ಪೆಲ್ಲ ನಿನ್ನದೆಂದು ನೀನು ಆ ಹುಡುಗಿಗೆ ಹೇಳಿದ್ದೀಯ. ಅರ್ಧ ಮಾತ್ರ ನಿನ್ನದು. ಮೊದಲ ದಿನ ಅವಳೊಬ್ಬಳನ್ನೇ ನನ್ನ ಹತ್ತಿರ ಕಳಿಸು, ನೀನು ಹೊರಗಿರು. "ನಿನ್ನ ಎಂಟು ಅಂಕ ನನ್ನ ಕೈಯಲ್ಲಿತ್ತು, ನಾನು ಕೊಡಲಿಲ್ಲ" ಎಂದು ಅವಳಿಗೆ ನಾನೇ ಹೇಳಬೇಕು. ನಿನ್ನ ಮುಂದೆ ಕೇಳದ "ಯಾಕೆ"ಯನ್ನು ನನ್ನ ಮುಂದೆ ಅವಳು ಕೇಳಿಯಾಳು. ಕೇಳಲಿ. "ನನಗೆ ನನ್ನ ಸೊಸೆ ಬೇಕಾಗಿದ್ದಳು, ಅದಕ್ಕೆ ನಿನ್ನ ಅಂಕವನ್ನು ಬೆಲೆಯಾಗಿ ಕೊಟ್ಟುಬಿಟ್ಟೆ" ಎನ್ನುತ್ತೇನೆ. ಆ ಉತ್ತರಕ್ಕೆ ಎಷ್ಟು ಅಂಕ ಎಂದು ಅವಳೇ ಹಾಕಲಿ.

ಅತ್ತೆ